ಓದುವ ಮೊದಲು ಎಣಿಸಿ: ಬಿಡಿಸದ ಗುಪ್ತಲಿಪಿಯಲ್ಲಿ ಏನಾದರೂ ಅಡಗಿದೆಯಾ ಎಂದು ನೋಡುವ ಬಗೆ

ಈ ಸಾಲನ್ನು ಒಮ್ಮೆ ನೋಡಿ.

7 3 9 3 7 1 7 3 4 3 9 1 7 3 9 5 7 1 4 3

ಇದರಲ್ಲಿ ಸಂದೇಶ ಇದೆಯಾ? ಇಲ್ಲ, ಯಾರೋ ಸುಮ್ನೆ ಕೈಗೆ ಬಂದ ಅಂಕೆ ಗೀಚಿದ್ದಾರಾ? ಇಂಥದ್ದು ಕಣ್ಣಿಗೆ ಬಿದ್ದರೆ ಸಾಕು, ಊಹೆ ಶುರುವಾಗುತ್ತದೆ. 7 ಅಂದರೆ ‘ಮ್’ ಇರಬಹುದು, 3 ಅಂದರೆ ‘ಅ’ ಇರಬಹುದು. ಅರ್ಧ ಗಂಟೆಯಲ್ಲಿ ಒಂದು ಪದ ಸಿಕ್ಕಿಬಿಡುತ್ತದೆ. ಆಮೇಲೆ ಉಳಿದ ಸಾಲನ್ನೆಲ್ಲ ಆ ಒಂದು ಪದಕ್ಕೆ ಹೊಂದಿಸುವ ಕಸರತ್ತು. ಗುಪ್ತಲಿಪಿಗಳ ಸುತ್ತ ಹುಟ್ಟಿದ ‘ನಾನು ಬಿಡಿಸಿದೆ’ ಎನ್ನುವ ಕತೆಗಳಲ್ಲಿ ಮುಕ್ಕಾಲು ಪಾಲು ಹೀಗೇ ಹುಟ್ಟಿದವು.

ಈ ಲೇಖನದಲ್ಲಿ ನಾವು ಒಂದು ಪದವನ್ನೂ ಊಹಿಸುವುದಿಲ್ಲ. ಬರೀ ಎಣಿಸುತ್ತೇವೆ. ಒಂದು ಎಕ್ಸೆಲ್ ಹಾಳೆ ಸಾಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದರೆ ಇನ್ನೂ ಸುಲಭ. ಮೇಲಿನ ಸಾಲು ಕೊನೆಯವರೆಗೂ ನಮ್ಮ ಜೊತೆ ಇರುತ್ತದೆ.

ಮೊದಲು ನಕಲು

ಬೇಸರದ ಕೆಲಸ ಇದು, ಆದರೆ ಅರ್ಧ ಯುದ್ಧ ಇಲ್ಲೇ ಸೋಲುತ್ತೇವೆ. ಮೂಲದ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಟ್ಟು, ಒಂದು ಕೋಶಕ್ಕೆ ಒಂದರಂತೆ ಉದ್ದಕ್ಕೆ ಇಳಿಸಿಕೊಳ್ಳಿ. ಸಾಲು ಎಲ್ಲಿ ಮುರಿಯುತ್ತದೆ, ಖಾಲಿ ಜಾಗ ಎಲ್ಲಿದೆ ಎನ್ನುವುದನ್ನು ಪಕ್ಕದ ಕಾಲಮ್‌ನಲ್ಲಿ ಗುರುತಿಸಿ. ಮುಂದೆ ಅದು ಬೇಕಾಗುತ್ತದೆ.

ಕಷ್ಟ ಇರುವುದು ‘ಒಂದು ಚಿಹ್ನೆ’ ಅಂದರೆ ಯಾವುದು ಎಂದು ತೀರ್ಮಾನಿಸುವುದರಲ್ಲಿ. ನಮ್ಮ ಕನ್ನಡವನ್ನೇ ತಗೊಳ್ಳಿ. ಲಿಪಿ ಗೊತ್ತಿಲ್ಲದವನಿಗೆ ‘ಕಾ’ ಒಂದು ಚಿಹ್ನೆಯೋ ಎರಡೋ? ‘ಸ್ತ್ರೀ’ ಎಷ್ಟು? ಒಬ್ಬ ಐವತ್ತು ಚಿಹ್ನೆ ಎಣಿಸಿದರೆ ಇನ್ನೊಬ್ಬ ಐನೂರು ಎಣಿಸುತ್ತಾನೆ. ಇಬ್ಬರ ಲೆಕ್ಕವೂ ಬೇರೆ, ಇಬ್ಬರಿಗೆ ಸಿಗುವ ಉತ್ತರವೂ ಬೇರೆ. ಯಾರಿಗೂ ಇನ್ನೂ ಓದಲು ಬಾರದ ಲಿಪಿಯಲ್ಲಿರುವ ವಾಯ್ನಿಚ್ ಹಸ್ತಪ್ರತಿಯ ವಿಷಯದಲ್ಲಿ ಇದೇ ಆಗಿದೆ. ಅದರ ಚರ್ಮದ ಹಾಳೆಗಳು 1404ರಿಂದ 1438ರ ನಡುವಿನವು ಎಂದು ರೇಡಿಯೋಕಾರ್ಬನ್ ಪರೀಕ್ಷೆ ಹೇಳಿದೆ. ಆದರೆ ಅದರ ಅಕ್ಷರಮಾಲೆಯಲ್ಲಿ ಎಷ್ಟು ಅಕ್ಷರ ಎನ್ನುವುದಕ್ಕೆ ಇವತ್ತಿಗೂ ಒಂದೇ ಉತ್ತರ ಇಲ್ಲ. ಹಾಗಾಗಿ ಅನುಮಾನ ಇದ್ದರೆ ಎರಡು ನಕಲು ಮಾಡಿ: ಒಂದು ಕೂಡಿಸಿ, ಒಂದು ಬಿಡಿಸಿ. ಎರಡರಲ್ಲೂ ಒಂದೇ ಫಲಿತಾಂಶ ಬಂದರೆ ಮಾತ್ರ ನಂಬಿ.

ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಒಮ್ಮೆ ಒಂದು ಹಳೆ ಸೈಫರ್‌ನಲ್ಲಿ, ಅಂದರೆ ಗುಪ್ತಬರಹದಲ್ಲಿ, ಹದಿನೇಳು ಚಿಹ್ನೆಗಳ ಗುಂಪು ಎರಡು ಸಲ ಬಂದದ್ದು ನೋಡಿ ಎರಡು ಸಂಜೆ ಕುಣಿದಾಡಿದ್ದೆ. ಮೂರನೇ ಸಂಜೆ ಗೊತ್ತಾಯಿತು, ನಕಲು ಮಾಡುವಾಗ ಒಂದೇ ಸಾಲನ್ನು ಎರಡು ಸಲ ಪೇಸ್ಟ್ ಮಾಡಿದ್ದೆ.

ಎಷ್ಟು ಬಗೆ, ಎಷ್ಟು ಉದ್ದ

ಈಗ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ. ಒಟ್ಟು ಚಿಹ್ನೆ ಎಷ್ಟು, ಬೇರೆ ಬೇರೆ ಬಗೆ ಎಷ್ಟು. ನಮ್ಮ ಸಾಲಿನಲ್ಲಿ 20 ಮತ್ತು 6.

ಬಗೆಗಳ ಎಣಿಕೆಯೇ ಒಂದು ಸುಳಿವು. ಇಪ್ಪತ್ತರಿಂದ ನಲವತ್ತರ ಒಳಗಿದ್ದರೆ ಬಿಡಿ ಅಕ್ಷರಗಳ ಲಿಪಿ ಇರಬಹುದು. ಐವತ್ತು ದಾಟಿ ನೂರರ ಆಸುಪಾಸಿನಲ್ಲಿದ್ದರೆ ಒಂದು ಚಿಹ್ನೆಗೆ ಒಂದು ಉಚ್ಚಾರಾಂಶ ಇರಬಹುದು. ನೂರಾರು ಇದ್ದರೆ ಪದಕ್ಕೊಂದು ಚಿಹ್ನೆ. ಮೈಕಲ್ ವೆಂಟ್ರಿಸ್ 1952ರಲ್ಲಿ ಬಿಡಿಸಿದ, ಪ್ರಾಚೀನ ಗ್ರೀಸಿನ ಲೀನಿಯರ್ ಬಿ ಲಿಪಿಯಲ್ಲಿ ಉಚ್ಚಾರಾಂಶದ ಚಿಹ್ನೆಗಳು ತೊಂಬತ್ತರ ಹತ್ತಿರ ಇವೆ, ಅದು ಎರಡನೇ ಗುಂಪಿನದೇ ಎಂದು ಬಿಡಿಸುವ ಮೊದಲೇ ಅಂದಾಜಾಗಿತ್ತು. ಇದು ಮಾಮೂಲಿ ಲಿಪಿಗೆ. ಬೇಕೆಂದೇ ಮುಚ್ಚಿಟ್ಟ ಬರಹದಲ್ಲಿ ಒಂದೇ ಅಕ್ಷರಕ್ಕೆ ಮೂರು ನಾಲ್ಕು ಚಿಹ್ನೆ ಕೊಟ್ಟಿರುತ್ತಾರೆ, ಆಗ ಲೆಕ್ಕ ಉಬ್ಬುತ್ತದೆ.

ಉದ್ದದ ಬಗ್ಗೆ ಕಟುವಾಗಿಯೇ ಹೇಳಬೇಕು. ಸಂಗೀತಗಾರ ಎಡ್ವರ್ಡ್ ಎಲ್ಗರ್ 1897ರಲ್ಲಿ ಡೋರಾ ಪೆನ್ನಿ ಎಂಬ ಯುವತಿಗೆ ಕಳಿಸಿದ ಚೀಟಿಯಲ್ಲಿ 87 ಚಿಹ್ನೆಗಳಿವೆ. ಅದಕ್ಕೆ ಈವರೆಗೆ ಬಂದಿರುವ ‘ಉತ್ತರ’ಗಳು ಬೇಕಾದಷ್ಟು. ಒಂದಕ್ಕೊಂದು ಸಂಬಂಧ ಇಲ್ಲ. ಗಣಿತಜ್ಞ ಕ್ಲಾಡ್ ಶ್ಯಾನನ್ 1949ರಲ್ಲಿ ತೋರಿಸಿದ ಪ್ರಕಾರ, ಇಂಗ್ಲಿಷಿನ ಸರಳ ಅಕ್ಷರ ಬದಲಾವಣೆಯ ಸೈಫರ್‌ಗೆ ಒಂದೇ ಉತ್ತರ ಉಳಿಯಬೇಕಾದರೆ ಸುಮಾರು 30 ಅಕ್ಷರ ಬೇಕು. ಅದೂ ಭಾಷೆ ಯಾವುದು, ವಿಧಾನ ಯಾವುದು ಎರಡೂ ಗೊತ್ತಿದ್ದರೆ. ಎರಡೂ ಗೊತ್ತಿಲ್ಲದಿದ್ದರೆ ನೂರಿನ್ನೂರು ಚಿಹ್ನೆಗಳೂ ಕಡಿಮೆಯೇ.

ಜೋಡಿ ಹೊಂದುವ ಲೆಕ್ಕ

ಪ್ರತಿ ಬಗೆ ಎಷ್ಟು ಸಲ ಬಂದಿದೆ ಎಣಿಸಿ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದ್‌ನ ಅಲ್ ಕಿಂದಿ ಇದನ್ನೇ ಮಾಡಿ ಸೈಫರ್ ಮುರಿಯುವ ದಾರಿ ಬರೆದಿಟ್ಟ. ನಮ್ಮ ಸಾಲಿನಲ್ಲಿ 3 ಆರು ಸಲ, 7 ಐದು ಸಲ, 9 ಮತ್ತು 1 ಮೂರು ಮೂರು ಸಲ, 4 ಎರಡು ಸಲ, 5 ಒಂದೇ ಸಲ.

ಈ ಎಣಿಕೆಯನ್ನು ಒಂದೇ ಸಂಖ್ಯೆಗೆ ಇಳಿಸುವ ಉಪಾಯ ವಿಲಿಯಂ ಫ್ರೀಡ್‌ಮನ್ 1920ರ ಸುಮಾರಿಗೆ ಕಂಡುಹಿಡಿದದ್ದು. ಹೆಸರು ಇಂಡೆಕ್ಸ್ ಆಫ್ ಕೋಇನ್ಸಿಡೆನ್ಸ್. ಹೆಸರಿಗೆ ಹೆದರಬೇಡಿ. ಸಾಲಿನಿಂದ ಕಣ್ಣುಮುಚ್ಚಿ ಎರಡು ಚಿಹ್ನೆ ಎತ್ತಿದರೆ ಎರಡೂ ಒಂದೇ ಆಗಿರುವ ಸಾಧ್ಯತೆ ಎಷ್ಟು? ಅಷ್ಟೇ ಅದು. ಪ್ರತಿ ಎಣಿಕೆಯನ್ನು ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿ, ಎಲ್ಲ ಕೂಡಿಸಿ. 6×5, 5×4, 3×2, 3×2, 2×1, ಕೊನೆಗೆ 0. ಒಟ್ಟು 64. ಇದನ್ನು 20×19, ಅಂದರೆ 380ರಿಂದ ಭಾಗಿಸಿ. 0.168 ಬಂತು.

ಇಂಗ್ಲಿಷ್ ಬರಹಕ್ಕೆ ಈ ಸಂಖ್ಯೆ 0.066ರ ಹತ್ತಿರ. ಅದೇ 26 ಅಕ್ಷರಗಳನ್ನು ಸಮನಾಗಿ ಚೆಲ್ಲಿದರೆ 0.038. ಅಕ್ಷರಗಳನ್ನು ಬದಲಿಸಿದರೂ, ಹಿಂದೆ ಮುಂದೆ ಮಾಡಿದರೂ ಈ ಸಂಖ್ಯೆ ಕದಲುವುದಿಲ್ಲ. ಆ ಕಾರಣಕ್ಕೇ ಇದು ಒಳ್ಳೆಯ ಸಾಧನ.

ನಮ್ಮ ಸಾಲಿಗೆ ಬನ್ನಿ. ಆರು ಬಗೆ ಸಮನಾಗಿ ಬಂದರೆ ಆರನೇ ಒಂದು ಭಾಗ, ಅಂದರೆ 0.167. ನಮಗೆ ಬಂದದ್ದು 0.168. ಏನೂ ವ್ಯತ್ಯಾಸ ಇಲ್ಲ, ಅಲ್ವಾ? ಇಲ್ಲಿಗೇ ಕೈಬಿಟ್ಟರೆ ‘ಇದು ಬರೀ ಗೀಚು’ ಎಂದು ಎದ್ದು ಹೋಗಬೇಕಿತ್ತು. ಸ್ವಲ್ಪ ತಾಳಿ.

ಕಲಸಿ ನೋಡಿ

ನನ್ನ ಪ್ರಕಾರ ಇಡೀ ವಿದ್ಯೆಯಲ್ಲಿ ಒಂದೇ ಒಂದು ಹೆಜ್ಜೆ ಕಲಿಯಬೇಕು ಅಂದರೆ ಅದು ಇದೇ. ಯಾವ ಸಂಖ್ಯೆ ಲೆಕ್ಕ ಹಾಕಿದರೂ ‘ಇದು ಜಾಸ್ತಿಯೋ ಕಡಿಮೆಯೋ’ ಎಂಬ ಪ್ರಶ್ನೆ ಬರುತ್ತದೆ. ಯಾವುದಕ್ಕೆ ಹೋಲಿಸಿ? ಪುಸ್ತಕದ ಕೋಷ್ಟಕಕ್ಕಲ್ಲ. ನಿಮ್ಮದೇ ಬರಹವನ್ನು ಇಸ್ಪೀಟು ಎಲೆಯ ಹಾಗೆ ಕಲಸಿ, ಅದಕ್ಕೆ ಹೋಲಿಸಿ.

ಎಕ್ಸೆಲ್‌ನಲ್ಲಿ ಮಾಡುವುದು ಹೀಗೆ. ಚಿಹ್ನೆಗಳ ಕಾಲಮ್ ಪಕ್ಕದಲ್ಲಿ ರ‍್ಯಾಂಡಮ್ ಸಂಖ್ಯೆಗಳ ಕಾಲಮ್ ಹಾಕಿ. ಆ ಕಾಲಮ್ ಪ್ರಕಾರ ಸಾರ್ಟ್ ಮಾಡಿ. ಚಿಹ್ನೆಗಳು ಅವೇ, ಎಣಿಕೆ ಅದೇ, ಕ್ರಮ ಮಾತ್ರ ಹೋಯಿತು. ಈಗ ನಿಮ್ಮ ಅಳತೆಯನ್ನು ಮತ್ತೆ ತೆಗೆಯಿರಿ. ಹೀಗೆ ಸಾವಿರ ಸಲ. ಪೈಥಾನ್‌ನಲ್ಲಾದರೆ ನಾಲ್ಕೈದು ಸಾಲಿನ ಕೆಲಸ, ಕೈಯಲ್ಲಾದರೆ ಇಪ್ಪತ್ತು ಸಲಕ್ಕೇ ಸಾಕಾಗುತ್ತದೆ. ಮೂಲ ಬರಹದಲ್ಲಿ ಕಂಡ ಸಂಖ್ಯೆ ಸಾವಿರ ಕಲಸಿದ ಪ್ರತಿಗಳಲ್ಲಿ ಒಂದರಲ್ಲೋ ಎರಡರಲ್ಲೋ ಮಾತ್ರ ಕಂಡರೆ ಕ್ರಮದಲ್ಲಿ ಏನೋ ಇದೆ. ಇನ್ನೂರರಲ್ಲಿ ಕಂಡರೆ ಏನೂ ಇಲ್ಲ, ಮುಂದೆ ಹೋಗಿ.

ಜೋಡಿ ಹೊಂದುವ ಲೆಕ್ಕಕ್ಕೆ ಮಾತ್ರ ಇದು ಬರುವುದಿಲ್ಲ. ಕಲಸಿದರೂ ಎಣಿಕೆ ಬದಲಾಗುವುದಿಲ್ಲವಲ್ಲ.

ಈಗ ನಮ್ಮ ಸಾಲಿನಲ್ಲಿ ಒಂದೇ ಅಂಕೆ ಪಕ್ಕಪಕ್ಕ ಎಷ್ಟು ಸಲ ಬಂದಿದೆ ನೋಡಿ. ಒಮ್ಮೆಯೂ ಇಲ್ಲ. ಕಲಸಿದ ಪ್ರತಿಗಳಲ್ಲಿ ಸರಾಸರಿ 3.2 ಸಲ ಬರಬೇಕು: ಪಕ್ಕಪಕ್ಕದ ಜೋಡಿಗಳು 19, ಅದಕ್ಕೆ 0.168 ಗುಣಿಸಿ. ಸೊನ್ನೆ ಬಂದದ್ದು ಅನುಮಾನಕ್ಕೆ ಸಾಕು. ಆದರೂ ಇದೊಂದನ್ನೇ ನಂಬಿ ಕೂರಬೇಡಿ. ಮನಸ್ಸಿಗೆ ಬಂದಂತೆ ಅಂಕೆ ಬರೆಯಿರಿ ಎಂದರೆ ಜನ ಒಂದೇ ಅಂಕೆಯನ್ನು ಪಕ್ಕಪಕ್ಕ ಬರೆಯುವುದು ಕಡಿಮೆ. ಹಾಗೆ ಬರೆದರೆ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ ಎಂಬ ಅಂಜಿಕೆ. ಕೈಬರಹದ ಸುಳ್ಳು ಸೈಫರ್‌ಗಳು ಇದರಿಂದಲೇ ಸಿಕ್ಕಿಬೀಳಬಹುದು.

ಅಕ್ಕಪಕ್ಕದವರು ಯಾರು

ಒಂದು ಚಿಹ್ನೆಯ ಸ್ವಭಾವ ಗೊತ್ತಾಗುವುದು ಅದರ ನೆರೆಹೊರೆಯಿಂದ. ಸ್ವರಗಳು ವ್ಯಂಜನಗಳ ಪಕ್ಕ ಕೂರಲು ಇಷ್ಟಪಡುತ್ತವೆ, ವ್ಯಂಜನಗಳು ಸ್ವರಗಳ ಪಕ್ಕ. ಇದನ್ನೇ ಹಿಡಿದು ರಷ್ಯದ ಬೋರಿಸ್ ಸುಖೋತಿನ್ ಒಂದು ಸರಳ ವಿಧಾನ ಮಾಡಿದ. ಭಾಷೆ ಗೊತ್ತಿಲ್ಲದಿದ್ದರೂ ಸ್ವರ ಯಾವುದು ಎಂದು ಅಂದಾಜು ಮಾಡಬಹುದು.

ನಮ್ಮ ಸಾಲಿನ ಮೇಲೆ ಮಾಡೋಣ. ಯಾವ ಎರಡು ಅಂಕೆ ಎಷ್ಟು ಸಲ ಪಕ್ಕಪಕ್ಕ ಬಂದಿವೆ ಎಂದು ಬರೆಯಿರಿ, ಹಿಂದೆ ಮುಂದೆ ಎರಡೂ ಸೇರಿಸಿ. 7 ಮತ್ತು 3 ನಾಲ್ಕು ಸಲ. 3 ಮತ್ತು 9 ನಾಲ್ಕು. 7 ಮತ್ತು 1 ನಾಲ್ಕು. 3 ಮತ್ತು 4 ಮೂರು. ಉಳಿದಂತೆ 9ರ ಪಕ್ಕ 1, 9ರ ಪಕ್ಕ 5, 5ರ ಪಕ್ಕ 7, 1ರ ಪಕ್ಕ 4 ಒಂದೊಂದು ಸಲ. ಪ್ರತಿ ಅಂಕೆಯ ಒಟ್ಟು ನೆರೆ: 3ಕ್ಕೆ 11, 7ಕ್ಕೆ 9, 9ಕ್ಕೆ 6, 1ಕ್ಕೆ 6, 4ಕ್ಕೆ 4, 5ಕ್ಕೆ 2.

ಎಲ್ಲಕ್ಕಿಂತ ಜಾಸ್ತಿ ಇರುವುದು 3. ಅದನ್ನು ಸ್ವರ ಎಂದುಕೊಳ್ಳಿ. ಈಗ ಉಳಿದ ಪ್ರತಿ ಅಂಕೆಯ ಒಟ್ಟಿನಿಂದ, ಅದು 3ರ ಪಕ್ಕ ಬಂದ ಸಲದ ಎರಡರಷ್ಟನ್ನು ಕಳೆಯಿರಿ. 7ಕ್ಕೆ 9ರಲ್ಲಿ 8 ಹೋಗಿ 1 ಉಳಿಯಿತು. 9 ಮತ್ತು 4 ಎರಡೂ ಮೈನಸ್ 2ಕ್ಕೆ ಇಳಿದವು. 1 ಮತ್ತು 5 ಎಂದೂ 3ರ ಪಕ್ಕ ಬಂದಿಲ್ಲ, ಹಾಗಾಗಿ 6 ಮತ್ತು 2 ಹಾಗೇ ಉಳಿದವು. ಈಗ ದೊಡ್ಡದು 1. ಅದೂ ಸ್ವರ. ಮತ್ತೆ ಅದೇ ರೀತಿ ಕಳೆದರೆ 7, 9, 4 ಇನ್ನೂ ಕೆಳಗೆ ಹೋಗುತ್ತವೆ. ಸೊನ್ನೆಗಿಂತ ಮೇಲೆ ಉಳಿಯುವುದು 5 ಒಂದೇ. ಅದೂ ಸ್ವರದ ಗುಂಪಿಗೆ. ಆಟ ಮುಗಿಯಿತು.

ಒಂದು ಕಡೆ 3, 1, 5. ಇನ್ನೊಂದು ಕಡೆ 7, 9, 4. ಈಗ ಸಾಲನ್ನು ಮತ್ತೆ ನೋಡಿ. ಇಪ್ಪತ್ತು ಅಂಕೆಗಳೂ ಒಂದು ಈ ಗುಂಪಿನದು, ಒಂದು ಆ ಗುಂಪಿನದು, ತಪ್ಪದೇ ಬಂದಿವೆ! ಕಲಸಿದರೆ ಹೀಗೆ ಬರುವ ಸಾಧ್ಯತೆ 92,378ರಲ್ಲಿ ಒಂದು.

ಇಲ್ಲಿ ಒಂದು ಮೋಸ ಇದೆ, ಗಮನಿಸಿದಿರಾ? ಗುಂಪುಗಳನ್ನು ನಾವು ಸಾಲು ನೋಡಿದ ಮೇಲೆ ಮಾಡಿಕೊಂಡೆವು. ಆರು ಅಂಕೆಗಳನ್ನು ಎರಡು ಗುಂಪು ಮಾಡಲು 31 ದಾರಿಗಳಿವೆ. ಯಾವುದು ಹೊಂದಿದರೂ ನಾವು ಕುಣಿಯುತ್ತಿದ್ದೆವು. ಹಾಗಾಗಿ 31ರಿಂದ ಗುಣಿಸಬೇಕು. ಆಗಲೂ ಸುಮಾರು 3,000ದಲ್ಲಿ ಒಂದು. ಪರವಾಗಿಲ್ಲ, ಇದು ಆಕಸ್ಮಿಕ ಅಲ್ಲ.

ಹಾಗಾದರೆ ಸಂದೇಶ ಇದೆಯಾ? ಇಲ್ಲ. ಈ ಸಾಲು ಬರೆದದ್ದು ನಾನೇ. ಎರಡು ಗುಂಪು ಮಾಡಿಕೊಂಡು, ಅದರಿಂದೊಂದು ಇದರಿಂದೊಂದು ಎತ್ತಿ ಇಟ್ಟೆ. ಅರ್ಥ ಸೊನ್ನೆ. ಲೆಕ್ಕ ಕಂಡುಹಿಡಿದದ್ದು ನನ್ನ ಮನಸ್ಸಿನಲ್ಲಿದ್ದ ನಿಯಮವನ್ನು. ಅದನ್ನು ಸರಿಯಾಗಿಯೇ ಕಂಡುಹಿಡಿಯಿತು. ಅರ್ಥ ಇದೆ ಎಂದು ಅದು ಎಲ್ಲಿಯೂ ಹೇಳಲಿಲ್ಲ, ಹಾಗೆ ಅಂದುಕೊಂಡದ್ದು ನಾವು.

ನಿಜವಾದ ಬರಹದಲ್ಲಿ ನೆರೆಹೊರೆಯ ಲೆಕ್ಕ ಎಷ್ಟು ದೂರ ಕೊಂಡೊಯ್ಯುತ್ತದೆ ಎನ್ನುವುದಕ್ಕೆ ಕೋಪಿಯಾಲೆ ಸೈಫರ್ ನೋಡಿ. 105 ಪುಟ, ಸುಮಾರು 75,000 ಚಿಹ್ನೆ. ರೋಮನ್ ಅಕ್ಷರಗಳ ಜೊತೆ ವಿಚಿತ್ರ ಗುರುತುಗಳು ಬೆರೆತಿವೆ. ಕೆವಿನ್ ನೈಟ್, ಬಿಯಾಟಾ ಮೆಗ್ಯೆಸಿ, ಕ್ರಿಸ್ಟಿಯಾನೆ ಶೇಫರ್ 2011ರಲ್ಲಿ ಅದನ್ನು ಬಿಡಿಸಿದರು. ಮೊದಲು ಅವರು ರೋಮನ್ ಅಕ್ಷರಗಳಲ್ಲೇ ಸಂದೇಶ ಹುಡುಕಿದರು. ಸಿಗಲಿಲ್ಲ. ಒಂದೇ ರೀತಿಯ ನೆರೆಹೊರೆ ಇರುವ ಚಿಹ್ನೆಗಳನ್ನು ಗುಂಪು ಮಾಡಿದಾಗ ಬರೀ ರೋಮನ್ ಅಕ್ಷರಗಳೆಲ್ಲ ಒಂದೇ ಗುಂಪಿಗೆ ಬಿದ್ದವು. ಅವೆಲ್ಲ ಪದಗಳ ನಡುವಿನ ಖಾಲಿ ಜಾಗಗಳಾಗಿದ್ದವು! ಓದಲು ಬರುವ ಅಕ್ಷರಗಳೇ ಖಾಲಿ, ಓದಲು ಬಾರದ ಗುರುತುಗಳಲ್ಲಿ ಜರ್ಮನ್ ಭಾಷೆಯ ಬರಹ.

ಮುಂದಿನದು ಏನು ಎಂಬ ಆಟ

ಎಂಟ್ರೊಪಿ ಎಂಬ ಪದ ಕೇಳಿರುತ್ತೀರಿ. ಇಲ್ಲಿ ಅದರ ಅರ್ಥ ಇಷ್ಟೇ: ಮುಂದಿನ ಚಿಹ್ನೆಯನ್ನು ಊಹಿಸುವುದು ಎಷ್ಟು ಕಷ್ಟ. ಒಂದು ಚಿಹ್ನೆ ಗೊತ್ತಿದ್ದಾಗ ಅದರ ಮುಂದಿನದನ್ನು ಊಹಿಸುವ ಕಷ್ಟ ಬೇಕಿದ್ದರೆ, ಜೋಡಿಗಳ ಎಂಟ್ರೊಪಿಯಿಂದ ಬಿಡಿ ಚಿಹ್ನೆಗಳ ಎಂಟ್ರೊಪಿ ಕಳೆಯಿರಿ. ಈ ಕಷ್ಟವನ್ನು ಅಳೆಯುವ ಮಾನ ಬಿಟ್. ನಮ್ಮ ಸಾಲಿಗೆ ಬಿಡಿ ಚಿಹ್ನೆಯದು 2.39 ಬಿಟ್, ಹಿಂದಿನದು ಗೊತ್ತಿದ್ದರೆ 1.04 ಬಿಟ್.

ದೊಡ್ಡ ಇಳಿಕೆ ಎನಿಸುತ್ತದೆ. ಆದರೆ ಚಿಕ್ಕ ಬರಹದಲ್ಲಿ ಈ ಅಳತೆ ಸುಳ್ಳು ಹೇಳುತ್ತದೆ. ಇರುವುದೇ 19 ಜೋಡಿ. ಎಲ್ಲವೂ ಬೇರೆ ಬೇರೆ ಆಗಿದ್ದರೂ ಜೋಡಿಗಳ ಎಂಟ್ರೊಪಿ 4.25 ದಾಟುವುದಿಲ್ಲ. ಅಂದರೆ ಎಷ್ಟೇ ಕಲಸಿದರೂ ಉತ್ತರ 1.86ಕ್ಕಿಂತ ಮೇಲೆ ಹೋಗುವುದೇ ಇಲ್ಲ. ಕಲಸಿದ ಪ್ರತಿಗೆ ಹೋಲಿಸದೆ ‘2.39ರಿಂದ 1.04ಕ್ಕೆ ಇಳಿಯಿತು’ ಎಂದು ಯಾರಾದರೂ ಬರೆದಿದ್ದರೆ ನಕ್ಕು ಬಿಟ್ಟುಬಿಡಿ.

ವಾಯ್ನಿಚ್ ಹಸ್ತಪ್ರತಿ ಚಿಕ್ಕದಲ್ಲ, ಇನ್ನೂರಕ್ಕೂ ಹೆಚ್ಚು ಪುಟಗಳಿವೆ. ಅದರಲ್ಲಿ ಈ ಅಳತೆ ಸುಮಾರು 2 ಬಿಟ್ ಬರುತ್ತದೆ. ಯುರೋಪಿನ ಭಾಷೆಗಳಿಗೆ 3ಕ್ಕಿಂತ ಮೇಲೆ. ಅಂದರೆ ಮುಂದಿನ ಅಕ್ಷರ ಊಹಿಸುವುದು ವಿಪರೀತ ಸುಲಭ. ಮಾಮೂಲಿ ಭಾಷೆಯನ್ನು ಅಕ್ಷರಕ್ಕೆ ಅಕ್ಷರ ಬದಲಿಸಿ ಬರೆದಿದ್ದಾರೆ ಎನ್ನುವ ವಾದ ಅಲ್ಲಿಗೇ ಬೀಳುತ್ತದೆ. ‘ಬರೆದದ್ದೆಲ್ಲ ಸುಳ್ಳು’ ಎಂದು ಸಾಬೀತಾಗುವುದಿಲ್ಲ, ‘ಇದು ಇಂಥ ಸೈಫರ್ ಅಲ್ಲ’ ಎಂದು ಮಾತ್ರ ಗೊತ್ತಾಗುತ್ತದೆ. ಅದೇ ದೊಡ್ಡ ಲಾಭ.

ಸಿಂಧೂ ಮುದ್ರೆಗಳ ಜಗಳವೂ ಈ ಅಳತೆಯ ಮೇಲೆಯೇ. 2004ರಲ್ಲಿ ಫಾರ್ಮರ್, ಸ್ಪ್ರೋಟ್ ಮತ್ತು ವಿಟ್ಜೆಲ್ ‘ಅದು ಭಾಷೆಯ ಲಿಪಿಯೇ ಅಲ್ಲ’ ಎಂದರು. 2009ರಲ್ಲಿ ರಾಜೇಶ್ ರಾವ್ ಮತ್ತು ಸಂಗಡಿಗರು ಎಂಟ್ರೊಪಿ ಲೆಕ್ಕ ಹಾಕಿ, ಅದು ಭಾಷೆಗಳ ಸಾಲಿನಲ್ಲೇ ಬರುತ್ತದೆ ಎಂದರು. ಭಾಷೆಯಲ್ಲದ ಚಿಹ್ನೆಗಳಿಗೂ ಅಂಥದ್ದೇ ಸಂಖ್ಯೆ ಬರಬಹುದು ಎಂದು ಸ್ಪ್ರೋಟ್ ತಿರುಗಿ ಹೇಳಿದರು. ಒಂದು ಮುದ್ರೆಯಲ್ಲಿ ಸರಾಸರಿ ಐದೇ ಚಿಹ್ನೆ. ಅಷ್ಟರಲ್ಲಿ ಈ ಒಂದು ಸಂಖ್ಯೆ ಯಾರ ಕಡೆಗೂ ತೀರ್ಪು ಕೊಡುವುದಿಲ್ಲ ಎಂದೇ ನನಗೆ ಅನಿಸುತ್ತದೆ.

ದೂರದ ಜೋಡಿ

ಅಕ್ಕಪಕ್ಕದಲ್ಲಿ ಏನೂ ಕಾಣದಿದ್ದರೆ ದೂರ ನೋಡಿ. ಪ್ರತಿ ಚಿಹ್ನೆಯನ್ನು ಅದರ ಎರಡನೆಯ, ಮೂರನೆಯ, ನಾಲ್ಕನೆಯ ಹೀಗೆ ಮುಂದಿನ ಚಿಹ್ನೆಯ ಜೊತೆ ಜೋಡಿ ಮಾಡಿ. ಪ್ರತಿ ದೂರಕ್ಕೂ, ಒಂದಕ್ಕಿಂತ ಹೆಚ್ಚು ಸಲ ಬಂದ ಜೋಡಿಗಳು ಎಷ್ಟು ಎಂದು ಎಣಿಸಿ ಗ್ರಾಫ್ ಹಾಕಿ. ಒಂದು ದೂರದಲ್ಲಿ ಏರು ಎದ್ದು ಕಂಡರೆ ಅಲ್ಲಿ ನಿಲ್ಲಿ.

ಅಮೆರಿಕದ ಝೋಡಿಯಾಕ್ ಎಂಬ ಕೊಲೆಗಾರ 1969ರ ನವೆಂಬರ್‌ನಲ್ಲಿ ಪತ್ರಿಕೆಗೆ ಕಳಿಸಿದ 340 ಚಿಹ್ನೆಗಳ ಸೈಫರ್‌ನಲ್ಲಿ ಇಂಥ ಏರು 19ನೇ ದೂರದಲ್ಲಿ ಕಂಡಿತ್ತು. ಬಿಡಿಸುವ ಕೆಲವು ವರ್ಷ ಮೊದಲೇ. ಆಗ ಏಕೆ ಎಂದು ಯಾರಿಗೂ ಗೊತ್ತಾಗಲಿಲ್ಲ. 2020ರ ಡಿಸೆಂಬರ್‌ನಲ್ಲಿ ಡೇವಿಡ್ ಓರಾಂಚಕ್, ಸ್ಯಾಮ್ ಬ್ಲೇಕ್, ಯಾರ್ಲ್ ವಾನ್ ಐಕೆ ಅದನ್ನು ಬಿಡಿಸಿದಾಗ ಕಾರಣ ತಿಳಿಯಿತು. ಒಂದು ಸಾಲಿಗೆ 17 ಚಿಹ್ನೆ. ಆತ ಬರೆದದ್ದು ಓರೆಯಾಗಿ: ಒಂದು ಸಾಲು ಕೆಳಗೆ, ಎರಡು ಮನೆ ಬಲಕ್ಕೆ, ಚದುರಂಗದ ಕುದುರೆ ನಡೆದ ಹಾಗೆ. 17 ಕೂಡಿಸು 2, ಸರಿಯಾಗಿ 19. ಭಾಷೆಯಲ್ಲಿ ಪಕ್ಕಪಕ್ಕ ಇರಬೇಕಾದ ಅಕ್ಷರಗಳು ಕಾಗದದ ಮೇಲೆ 19 ಮನೆ ದೂರ ಹೋಗಿದ್ದವು. 51 ವರ್ಷ ಕಾದಿದ್ದ ಬೀಗಕ್ಕೆ ಆ ಗ್ರಾಫಿನ ಒಂದು ಉಬ್ಬು ಸುಳಿವು ಕೊಟ್ಟಿತ್ತು.

ಎಷ್ಟು ಸಲ ನೋಡಿದಿರಿ?

ಇದುವರೆಗಿನ ಹೆಜ್ಜೆಗಳಲ್ಲಿ ನೀವು ಎಷ್ಟೋ ಸಂಖ್ಯೆ ತೆಗೆದಿರುತ್ತೀರಿ. ಐವತ್ತು ದೂರ ನೋಡಿದರೆ ಐವತ್ತು ಪರೀಕ್ಷೆ. ನೂರಕ್ಕೆ ಒಂದು ಸಲ ಆಗುವಂಥದ್ದು ಐವತ್ತು ಸಲ ನೋಡಿದಾಗ ಒಮ್ಮೆ ಕಂಡರೆ ಏನು ಆಶ್ಚರ್ಯ? ಒಂದು ಡೈರಿ ಇಡಿ. ಏನೂ ಸಿಗದ ಪರೀಕ್ಷೆಗಳನ್ನೂ ಅದರಲ್ಲಿ ಬರೆಯಿರಿ. ಬರಹ ಉದ್ದ ಇದ್ದರೆ ಅರ್ಧ ಭಾಗ ಮುಚ್ಚಿಡಿ. ಮೊದಲ ಅರ್ಧದಲ್ಲಿ ಕಂಡ ವಿಚಿತ್ರ ಎರಡನೇ ಅರ್ಧದಲ್ಲೂ ಇದೆಯಾ ಎಂದು ಒಂದೇ ಸಲ ನೋಡಿ.

ಇದನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ಬೈಬಲ್ ಕೋಡ್ ಪ್ರಕರಣವೇ ಸಾಕ್ಷಿ. ಹೀಬ್ರೂ ಜೆನೆಸಿಸ್‌ನಲ್ಲಿ ಸಮಾನ ಅಂತರದ ಅಕ್ಷರಗಳನ್ನು ಎತ್ತಿದರೆ ಹೆಸರಾಂತ ರಬ್ಬಿಗಳ ಹೆಸರು ಮತ್ತು ದಿನಾಂಕಗಳು ಹತ್ತಿರ ಹತ್ತಿರ ಕಾಣುತ್ತವೆ ಎಂದು 1994ರಲ್ಲಿ ಒಂದು ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲೇ ಪ್ರಬಂಧ ಬಂತು. ಬ್ರೆಂಡನ್ ಮೆಕೇ ಮತ್ತು ಸಂಗಡಿಗರು 1999ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಒಬ್ಬ ರಬ್ಬಿಯನ್ನು ಯಾವ ಯಾವ ಹೆಸರಿನಿಂದ ಕರೆಯಬಹುದು ಎನ್ನುವ ಆಯ್ಕೆಯನ್ನು ಸ್ವಲ್ಪ ಅತ್ತಿತ್ತ ಮಾಡಿದರೆ, ಟಾಲ್‌ಸ್ಟಾಯ್ ಕಾದಂಬರಿಯ ಹೀಬ್ರೂ ಅನುವಾದದಲ್ಲೂ ಅಂಥದ್ದೇ ‘ಪವಾಡ’ ಸಿಗುತ್ತದೆ ಎಂದು ತೋರಿಸಿದರು.

ಇದಕ್ಕೆ ಉಲ್ಟಾ ಕತೆಯೂ ಒಂದಿದೆ. ಬೀಲ್ ಸೈಫರ್‌ಗಳು 1885ರಲ್ಲಿ ಅಮೆರಿಕದಲ್ಲಿ ಅಚ್ಚಾದ ನಿಧಿಯ ಕತೆಯೊಂದರ ಭಾಗ. ಮೂರರಲ್ಲಿ ಎರಡನೆಯದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪದಗಳಿಗೆ ಕ್ರಮಸಂಖ್ಯೆ ಹಾಕಿ, ಸೈಫರ್‌ನ ಪ್ರತಿ ಸಂಖ್ಯೆಗೆ ಆ ಪದದ ಮೊದಲ ಅಕ್ಷರ ತಗೊಂಡರೆ ಓದಲು ಬರುತ್ತದೆ. ಅದೇ ಕೀಲಿಯನ್ನು ಮೊದಲನೆಯದಕ್ಕೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಆದರೆ 1980ರಲ್ಲಿ ಜೇಮ್ಸ್ ಗಿಲ್ಲಾಗ್ಲಿ ಆ ಅಕ್ಷರಗಳ ನಡುವೆ ಒಂದು ಉದ್ದ ಸಾಲು ಹೆಚ್ಚುಕಡಿಮೆ ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲೇ ಇರುವುದನ್ನು ತೋರಿಸಿದರು. ಎಷ್ಟು ಸಲ ಕಲಸಿದರೂ ಹಾಗೆ ಬರುವುದಿಲ್ಲ. ಯಾರೋ ಕೂತು, ಆ ಘೋಷಣೆಯಿಂದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಂಖ್ಯೆ ತುಂಬಿಸಿದ ಹಾಗಿದೆ. ಗಿಲ್ಲಾಗ್ಲಿ ಇದನ್ನು ಮೋಸದ ಗುರುತು ಎಂದರು. ನನಗೂ ಅದೇ ಸರಿ ಎನಿಸುತ್ತದೆ.

ಇನ್ನು ಜಿಪ್ಫ್ ನಿಯಮದ ಬಗ್ಗೆ ಒಂದು ಮಾತು. ಅತಿ ಹೆಚ್ಚು ಸಲ ಬರುವ ಪದದಿಂದ ಕೆಳಗೆ ಹೋದಂತೆ ಪದಗಳ ಎಣಿಕೆ ಒಂದು ಹದದಲ್ಲಿ ಇಳಿಯುತ್ತದೆ ಎನ್ನುವ ನಿಯಮ ಅದು. ‘ಪದಗಳ ಎಣಿಕೆ ಜಿಪ್ಫ್ ಪ್ರಕಾರ ಇಳಿಯುತ್ತದೆ, ಆದ್ದರಿಂದ ಇದು ಭಾಷೆ’ ಎಂಬ ವಾದ ಎಲ್ಲ ಕಡೆ ಸಿಗುತ್ತದೆ. ಕೋತಿ ಕೀಬೋರ್ಡ್ ಕುಟ್ಟಿದರೂ, ಖಾಲಿ ಜಾಗದ ಕೀಲಿ ಆಗಾಗ ಒತ್ತಿದರೆ, ಹೆಚ್ಚುಕಡಿಮೆ ಅಂಥದ್ದೇ ಇಳಿಕೆ ಬರುತ್ತದೆ. ಆ ಪರೀಕ್ಷೆಯಲ್ಲಿ ಪಾಸಾದರೆ ಏನೂ ಸಿದ್ಧವಾಗುವುದಿಲ್ಲ. ಹಾಗೆಯೇ, ಎಲ್ಲ ಪರೀಕ್ಷೆಯಲ್ಲೂ ಏನೂ ಕಾಣದಿದ್ದರೆ ‘ಸಂದೇಶ ಇಲ್ಲ’ ಎಂದೂ ಅಲ್ಲ. ಒಂದೇ ಸಲ ಬಳಸುವ ರ‍್ಯಾಂಡಮ್ ಕೀಲಿಯಿಂದ ಮುಚ್ಚಿದ ಪತ್ರ ಯಾವ ಲೆಕ್ಕಕ್ಕೂ ಬರೀ ಗೀಚಿನಂತೆಯೇ ಕಾಣುತ್ತದೆ.

ಶುರು ಮಾಡುವಾಗ ವಾಯ್ನಿಚ್‌ಗೆ ನೇರವಾಗಿ ಕೈ ಹಾಕಬೇಡಿ. ಉತ್ತರ ಗೊತ್ತಿರುವ ಝೋಡಿಯಾಕ್‌ನ 340 ಚಿಹ್ನೆಗಳನ್ನು ಇಳಿಸಿಕೊಂಡು ದೂರದ ಜೋಡಿಗಳ ಗ್ರಾಫ್ ಹಾಕಿ. 19ರ ಹತ್ತಿರ ಉಬ್ಬು ಕಂಡರೆ ನಿಮ್ಮ ಹಾಳೆ ಸರಿ ಇದೆ. 18ರಲ್ಲೋ 20ರಲ್ಲೋ ಕಂಡರೆ ಎಲ್ಲೋ ಒಂದು ಮನೆ ತಪ್ಪಿ ಎಣಿಸಿದ್ದೀರಿ, ಸೂತ್ರ ತಿದ್ದಿಕೊಳ್ಳಿ.